ಉದ್ದ ತಂತಿ

ಕೃಷ್ಣಾ ದಂಡೆಯ ಆಶ್ರಮವೊಂದರಲ್ಲಿ ಚನ್ನಮಲ್ಲಯ್ಯ ಅನ್ನುವ ಗುರುಗಳಿದ್ದರು. ಜಪಮಾಲೆಯಷ್ಟೇ ಪ್ರೀತಿ ಅವರಿಗೆ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಮೇಲೂ. ಶಿಷ್ಯ ಮರಿಸಿದ್ದನಿಗಂತೂ ಅದು ಪ್ರಾಣ. ಏನು ಕಂಡರೂ ‘ಯಾಕ್ರೀ, ಹೆಂಗ್ರೀ’ ಅಂತ ಬೆನ್ನುಹತ್ತುವ ಆಸಾಮಿ.

ಹೊಳೆ ಏರಿತು. ನಡುಗಡ್ಡೆಯ ಊರಲ್ಲಿ ನರ್ಸ್ ಆಗಿದ್ದ ಅವನ ಅಕ್ಕ ದ್ಯಾಮವ್ವ ಅಲ್ಲೇ ಸಿಕ್ಕಿಕೊಂಡಳು. ಅವಳ ಹತ್ತಿರ ಒಂದು ಸಣ್ಣ ಬ್ಯಾಟರಿ ರೇಡಿಯೊ ಸೆಟ್ಟಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ಆಶ್ರಮದ ಜೊತೆ ಮಾತಾಡುತ್ತಿದ್ದಳು.

ಆವತ್ತು ಎಂಟಾಯಿತು. ಅಕ್ಕನ ದನಿಯೇ ಇಲ್ಲ. ಬರೀ ಗರಗರ.

ಹಿಂದಿನ ಸಂಜೆ ಆಶ್ರಮದ ಬೇಲಿಗೆ ಹೊಂದಿಕೊಂಡೇ ಪರಿಹಾರ ಶಿಬಿರ ಬಂದು ಕೂತಿತ್ತು. ಅವರ ದೊಡ್ಡ ರೇಡಿಯೊ ಬಿಡುವಿಲ್ಲದೆ ದೋಣಿಗಳನ್ನು ಕರೆಯುತ್ತಿತ್ತು.

ನಮ್ಮ ಮರಿಸಿದ್ದ ಏನು ಮಾಡಿದ ಗೊತ್ತೇ? ಮರ ಹತ್ತಿ ಆಶ್ರಮದ ಸೆಟ್ಟಿನ ಏರಿಯಲ್ ತಂತಿಯನ್ನು ಎರಡು ಪಟ್ಟು ಉದ್ದ ಎಳೆದು ಕಟ್ಟಿದ! ಗರಗರ ಇನ್ನೂ ಜೋರಾಯಿತು. ಪಾಪ, ಗುರುಗಳ ಹತ್ತಿರ ಓಡಿದ.

“ಯಪ್ಪಾ, ಶಿಬಿರದೋರಿಗೆ ಬಂದ್ ಮಾಡ್ರಿ ಅಂತ ಹೇಳಿ ಬರ್ಲ್ಯಾ?”

“ಅವರು ಬಂದ್ ಮಾಡಿದ್ರ ದೋಣಿ ಯಾರು ಕರೀತಾರ?” ಅಂದರು ಗುರುಗಳು. “ಅದಿರ್ಲಿ, ನಿನ್ನ ಉದ್ದ ತಂತಿ ಯಾರ ದನಿ ಹಿಡೀತೈತಿ?”

“ಅಕ್ಕಂದು.”

“ಅಕ್ಕಂದು ಅಷ್ಟನ?”

ಅವನು ಬೇಲಿಯ ಕಡೆ ನೋಡಿದ. “ಶಿಬಿರದ್ದೂ ಹಿಡೀತೈತ್ರಿ.”

“ಸೆಟ್ಟಿಗೆ ಹೊಟ್ಟಿ ಬಿರಿಯೂವಂಗ ಉಣಿಸೀದಿ. ಇನ್ನ ನಿಮ್ಮಕ್ಕನ ತುತ್ತು ಎಲ್ಲಿ ಹಿಡಿಸಬೇಕು?”

ಗುರುಗಳು ಉದ್ದ ತಂತಿಯನ್ನು ಕಿತ್ತರು. ಅದರ ಜಾಗಕ್ಕೆ ಮೊಳದುದ್ದದ ತುಂಡೊಂದನ್ನು ಸಿಕ್ಕಿಸಿದರು.

“ಅಯ್ಯಯ್ಯೋ! ಇದರಾಗ ಅಕ್ಕನ ದನಿ ಇನ್ನೂ ಸಣ್ಣ ಆಗ್ತೈತ್ರಿ!”

“ಹೌದು. ಶಿಬಿರದ್ದೂ ಸಣ್ಣ ಆಗ್ತೈತಿ. ಸುಮ್ನ ಕೇಳು.”

ಗರಗರ ಇಳಿಯಿತು. ಅದರ ತಳದಿಂದ ನೂಲಿನೆಳೆಯಷ್ಟು ದನಿಯೊಂದು ಬಂತು. ದ್ಯಾಮವ್ವನೇ!

“ಇಲ್ಲೊಬ್ಬಾಕಿಗೆ ಹೆರಿಗಿ ಬ್ಯಾನಿ ಸುರುವಾಗೈತಿ. ಕೂಸು ಅಡ್ಡ ಐತಿ, ನನ್ನ ಕೈಲೆ ಆಗೂದಿಲ್ಲ. ಲಗೂನ ದೋಣಿ ಕಳಸ್ರಿ...”

ಮರಿಸಿದ್ದ ಕುಣಿದೇಬಿಟ್ಟ. ಕಣ್ಣಲ್ಲಿ ನೀರು, ಬಾಯಲ್ಲಿ ಪ್ರಶ್ನೆ.

“ಯಪ್ಪಾ! ಇದು ಹೆಂಗಾತ್ರಿ? ತಂತಿ ಕಡಿಮಿ ಆದ್ರ ಅಕ್ಕನ ದನಿ ಹೆಂಗ ಕೇಳ್ತು? ಸೆಟ್ಟಿನ ಒಳಗ ಏನಾತು? ಹೇಳ್ರಿ, ಈಗಿಂದೀಗ ಹೇಳ್ರಿ!”

ಗುರುಗಳು ಅವನ ಬಾಯನ್ನು ಕೈಯಿಂದ ಒತ್ತಿ ಹಿಡಿದರು.

“ದೋಣಿ ಯಾವ ದಂಡಿಗೆ ಬರಬೇಕಂತ ಆಕಿ ಈಗ ಹೇಳಾಕತ್ತಾಳ.”