ಚಮಚ ಹಿಡಿದ ಮುದ್ರೆ

ಹೊಳೆದಂಡೆಯ ಆಶ್ರಮದಲ್ಲಿ ದಾನಮ್ಮ ಎಂಬ ಗುರು ಇದ್ದರು. ಧ್ಯಾನ ಕಲಿಸಿ ಎಂದು ಬಂದವರನ್ನು ಮೊದಲು ರೋಗಿಗಳ ಆರೈಕೆಗೆ ಹಚ್ಚುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ಊರಿಗೆ ವಾಪಸಾಗುತ್ತಿದ್ದರು.

ಇಂದುಮತಿ ವಾಪಸಾಗಲಿಲ್ಲ. ಗೊಣಗುವುದನ್ನೂ ಬಿಡಲಿಲ್ಲ.

"ಅಮ್ಮ, ನಾನು ಅನುಭವ ಹುಡುಕಿಕೊಂಡು ಬಂದವಳು. ನೀವು ಉಚ್ಚೆ ಅಳೆಯಲು ಕೂರಿಸಿದ್ದೀರಿ."

"ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಬಲ್ಲವರು ಕಡಿಮೆ," ಎಂದರು ದಾನಮ್ಮ. "ಅಳೆ."

ಆಗ ಆಶ್ರಮದ ಅಡುಗೆಯವನು ರಾಚಪ್ಪನೇ ಮಲಗಿದ್ದ. ಹಳಸಿದ ಪಾಯಸ ಚೆಲ್ಲಲು ಮನಸ್ಸಾಗದೆ ತಾನೇ ಕುಡಿದಿದ್ದ. ವಾಂತಿ, ಭೇದಿ. ಕಣ್ಣು ಗುಳಿಬಿದ್ದು ನಾಲಿಗೆ ಒಣಗಿತ್ತು. ಹಿಂದಿನ ದಿನದಿಂದ ಮೂತ್ರವೇ ಬಂದಿರಲಿಲ್ಲ.

"ಲೋಟ ಎತ್ತಿ ಕುಡಿಸಿದರೆ ಕಕ್ಕುತ್ತಾನೆ," ಎಂದರು ದಾನಮ್ಮ ಇಂದುಮತಿಗೆ. " ಈ ಉಪ್ಪು-ಸಕ್ಕರೆ ನೀರನ್ನು ಚಮಚ ಚಮಚವಾಗಿ ಕೊಡು, ಬಿಡಬೇಡ. ಮಧ್ಯಾಹ್ನದೊಳಗೆ ಮೂತ್ರ ಬರಬೇಕು. ಬರದಿದ್ದರೆ ಆಸ್ಪತ್ರೆಗೆ ಹೊರಿಸಬೇಕು. ದಾರಿ ದೂರ, ಜೀವ ಸಣ್ಣಗಾಗಿದೆ."

ಇಂದುಮತಿ ಸ್ವಲ್ಪ ಹೊತ್ತು ಕೊಟ್ಟಳು. ರಾಚಪ್ಪ ಕಣ್ಣು ಮುಚ್ಚಿದ. ಅವಳು ಮೆಲ್ಲಗೆ ಎದ್ದು ಹೊರಗೆ ಜಗಲಿಯಲ್ಲಿ ಕೂತು, ಯಾರೋ ಸಾಧುವನ್ನು ನೋಡಿ ಕಲಿತ ಉಸಿರಾಟ ಶುರುಮಾಡಿದಳು. ಕಮ್ಮಾರನ ತಿದಿಯ ಹಾಗೆ ಬುಸಬುಸ, ಬುಸಬುಸ.

ತುಟಿ ಜುಮ್ಮೆಂದಿತು. ತಲೆ ತೇಲಿತು. ಬೆರಳುಗಳು ತಾವಾಗಿಯೇ ಕೂಡಿಕೊಂಡು ಕೊಕ್ಕಿನ ಹಾಗೆ ಸೆಟೆದು ನಿಂತವು.

"ಅಮ್ಮಾ! ಮುದ್ರೆ! ತಾನಾಗಿಯೇ ಬಂತು! ಶಕ್ತಿ ಎದ್ದಿದೆ!"

ದಾನಮ್ಮ ಬಂದು ಆ ಕೈಗಳನ್ನು ತಿರುಗಿಸಿ ನೋಡಿದರು.

"ಬಾತುಕೋಳಿ ಮುದ್ರೆ," ಎಂದರು.

"ಬಿಡಿಸಲು ಆಗುತ್ತಿಲ್ಲ, ಅಮ್ಮ. ಸಾಯ್ತೀನಾ?"

"ಅಷ್ಟು ಸುಲಭಕ್ಕೆ ಇಲ್ಲ. ಅವನು ನೀರು ಚೆಲ್ಲಿದ, ನೀನು ಬುಸಬುಸನೆ ಉಸಿರು ಚೆಲ್ಲಿದೆ, ಅದಕ್ಕೇ ಬೆರಳು ಸೆಟೆದಿವೆ. ಇಬ್ಬರಿಗೂ ಮೈಯ ಹದ ತಪ್ಪಿದೆ. ನಡಿ, ಚಮಚ ಹಿಡಿ."

"ಈ ಕೈಯಲ್ಲಾ?"

"ಆ ಕೈಯಲ್ಲೇ. ಅವನ ಜೊತೆ ಮಾತಾಡುತ್ತಾ, ನಿಧಾನವಾಗಿ. ಉಸಿರೂ ತಾನೇ ನಿಧಾನಕ್ಕೆ ಬರುತ್ತದೆ."

ಎರಡು ಕೊಕ್ಕುಗಳ ನಡುವೆ ಚಮಚ ಸಿಕ್ಕಿಸಿಕೊಂಡಳು. ಮೊದಲನೆಯದು ರಾಚಪ್ಪನ ಗಡ್ಡಕ್ಕೆ ಹೋಯಿತು.

"ಬಾಯಿ ಇನ್ನೂ ಮೇಲಿದೆ, ತಂಗಿ," ಎಂದ ಅವನು ಕಣ್ಣು ಬಿಡದೆ.

"ಸುಮ್ಮನೆ ಕುಡಿಯಿರಿ, ರಾಚಪ್ಪಣ್ಣ."

"ಇದೆಂಥ ರುಚಿ! ಸಾರೂ ಅಲ್ಲ, ಪಾನಕವೂ ಅಲ್ಲ. ಒಂದು ಒಗ್ಗರಣೆಯಾದರೂ ಕೊಡಬಾರದಾ?"

"ನಿಮ್ಮ ಪಾಯಸಕ್ಕಿಂತ ವಾಸಿ."

ಅವನು ಸೊರಗಿದ ದನಿಯಲ್ಲೇ ನಕ್ಕ. ಒಗ್ಗರಣೆಗೆ ಸಾಸಿವೆ ಮೊದಲೋ ಜೀರಿಗೆ ಮೊದಲೋ ಎಂದು ಜಗಳ ಹತ್ತಿತು. ಒಂದು ಮಾತು, ಒಂದು ಚಮಚ. ಒಂದು ಮಾತು, ಒಂದು ಚಮಚ. ಅವಳ ಬೆರಳು ಯಾವಾಗ ಸಡಿಲವಾಯಿತೋ, ಅವಳಿಗೇ ತಿಳಿಯಲಿಲ್ಲ.

ಬಿಸಿಲು ನೆತ್ತಿಗೇರುವ ಮೊದಲು ರಾಚಪ್ಪ ನಾಚುತ್ತಾ, "ತಂಗಿ, ಆ ಪಾತ್ರೆ ಇತ್ತ ಕೊಟ್ಟು ಸ್ವಲ್ಪ ಆಚೆ ನಿಲ್ಲು," ಎಂದ.

ಇಂದುಮತಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಂದವಳ ಹಾಗೆ ಅಂಗಳಕ್ಕೆ ಓಡಿಬಂದಳು.

"ಅಮ್ಮಾ, ಬಂತು! ರಾಚಪ್ಪಣ್ಣನಿಗೆ ಬಂತು! ಇಂಥ ಸಂತೋಷ ನನಗೆ ಹುಟ್ಟಿದಾಗಿನಿಂದ ಆಗಿಲ್ಲ. ಕುಣಿಯಬೇಕು ಅನಿಸುತ್ತಿದೆ!"

ದಾನಮ್ಮ ಅವಳ ಕೈಗಳನ್ನು ನೋಡಿದರು. ಬೆರಳೆಲ್ಲ ಬಿಚ್ಚಿಕೊಂಡಿದ್ದವು.

"ಕುಣಿ, ಮಗಳೇ. ಆದರೆ ಚೆಲ್ಲಬೇಡ, ಇನ್ನೂ ಅಳೆಯಬೇಕು."