ನೀಲವ್ವನ ಹೆದರಿಕೆ

“ಗುರುಗಳೇ, ಒಬ್ಬನು ತನ್ನ ಭಯವನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡರೆ ತಪ್ಪೇನು? ಕೇಡಾಗುವುದಿದ್ದರೂ ಅವನೊಬ್ಬನಿಗೇ ತಾನೆ?” ಎಂದು ಶಿಷ್ಯ ಕೇಳಿದ.

ಅವನು ಓದಿಗಾಗಿ ಕಾಶಿಗೆ ಹೊರಟಿದ್ದ. ಮಠದವರು ರಾತ್ರಿ ವಿಮಾನಕ್ಕೆ ಎರಡು ಟಿಕೆಟ್ ತೆಗೆಸಿದ್ದರು. ಒಂದು ಅವನದು, ಇನ್ನೊಂದು ಅವನ ಜೊತೆಗೆ ಹೋಗುವ ವೃದ್ಧ ಪಂಡಿತರದು. ಮೂರು ದಿನದ ಹಿಂದೆ ಶಿಷ್ಯ ಕಚೇರಿಗೆ ಹೋಗಿ, ಪಂಡಿತರಿಗೆ ರಾತ್ರಿ ವಿಮಾನವೆಂದರೆ ಅಂಜಿಕೆ ಎಂದು ಹೇಳಿ, ರೈಲಿಗೆ ಬದಲಾಯಿಸಿಕೊಂಡು ಬಂದಿದ್ದ. ಪಂಡಿತರನ್ನು ಕೇಳಿರಲಿಲ್ಲ. ಈ ಸಂಗತಿ ಗುರುಗಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟು, ಕುಳಿತುಕೋ ಎಂದು ಸನ್ನೆ ಮಾಡಿ, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಒಣಮೆಣಸಿನಕಾಯಿ ವ್ಯಾಪಾರಿ ಇದ್ದ. ಗಟ್ಟಿ ಆಳು. ಒಮ್ಮೆ ಅವನ ಗೋದಾಮಿಗೆ ಬೆಂಕಿ ಬಿದ್ದಾಗ ಹಮಾಲರೆಲ್ಲ ಹೊರಗೆ ನಿಂತು ಕೆಮ್ಮುತ್ತಿದ್ದರೆ, ಇವನು ಒದ್ದೆ ಗೋಣಿ ಹೊದ್ದು ಒಳಗೆ ನುಗ್ಗಿ, ಅಲ್ಲಿ ಮಲಗಿದ್ದ ಕಾವಲುಗಾರನನ್ನು ಹೊತ್ತು ತಂದಿದ್ದ. ಅಂದಿನಿಂದ ಊರಿನಲ್ಲಿ ಎದೆಗಾರಿಕೆಯ ಮಾತು ಬಂದರೆ ಮೊದಲು ಅವನ ಹೆಸರು ಬರುತ್ತಿತ್ತು. ಆ ಹೆಸರು ಅವನಿಗೆ ಅನ್ನದಷ್ಟೇ ಬೇಕಾಗಿತ್ತು.

ಅವನ ಹೆಂಡತಿಯ ಹೆಸರು ನೀಲವ್ವ. ಮಾತು ಕಡಿಮೆ, ಕಣ್ಣು ಚುರುಕು.

ಅವನಿಗೆ ಐವತ್ತು ತುಂಬಿದ ವರ್ಷ ಪೇಟೆಯ ವ್ಯಾಪಾರಿಗಳೆಲ್ಲ ಹೆಂಡಿರನ್ನು ಕರೆದುಕೊಂಡು ಉತ್ತರದ ಕಡೆ ಯಾತ್ರೆ ಹೋದರು. ಹೋಗುವಾಗ ರೈಲು. ಬರುವಾಗ ರಾತ್ರಿಯ ವಿಮಾನ. ವ್ಯಾಪಾರಿ ವಿಮಾನ ಹತ್ತಿದ್ದು ಅದೇ ಮೊದಲು. ಹಗಲಾಗಿದ್ದರೆ ಹೊಲವೋ ಹೊಳೆಯೋ ಏನಾದರೂ ಕಣ್ಣಿಗೆ ಬಿದ್ದು, ಮನಸ್ಸು ಅದಕ್ಕೆ ಆತುಕೊಳ್ಳುತ್ತಿತ್ತು. ರಾತ್ರಿಯಲ್ಲಿ ಕಿಟಕಿಯಾಚೆ ಏನೂ ಇರಲಿಲ್ಲ. ಗಾಜಿನಲ್ಲಿ ಕಂಡದ್ದು ಅವನ ಮುಖವೇ. ಕಾಲ ಕೆಳಗೆ ಮೈಲಿಗಟ್ಟಲೆ ಬರೀ ಕತ್ತಲೆ ಎಂಬ ಯೋಚನೆ ಬಂದದ್ದೇ ತಡ, ಅವನ ಅಂಗೈ ಬೆವರಿತು. ಸ್ವಲ್ಪ ಹೊತ್ತಿಗೆ ವಿಮಾನ ಕುಲುಕಾಡಿತು. ಅವನ ನಾಲಗೆ ಒಣಗಿತು. ಎದ್ದು ನಿಂತು ಬಾಗಿಲು ತೆಗೆಯಿರಿ ಎಂದು ಕೂಗಬೇಕೆನಿಸಿತು. ಹಿಂದಿನ ಸಾಲಿನಲ್ಲಿ ಪೇಟೆಯ ಐದಾರು ಜನ ಕುಳಿತಿದ್ದರು. ಅವರ ಕಣ್ಣು ತನ್ನ ಬೆನ್ನ ಮೇಲೆಯೇ ಇದೆ ಎಂದು ಅವನಿಗೆ ಅನಿಸಿತು.

ಆಗ ನೀಲವ್ವ ಅವನ ಕಡೆ ತಿರುಗಿದಳು. ಹಣೆಯ ಬೆವರನ್ನೂ, ಕುರ್ಚಿಯ ತೋಳನ್ನು ಅವುಚಿ ಹಿಡಿದಿದ್ದ ಬೆರಳುಗಳನ್ನೂ ನೋಡಿದಳು. ಹಿಂದಿನ ಸಾಲಿಗೂ ಕೇಳುವ ಹಾಗೆ, “ನನಗೆ ಹೆದರಿಕೆ ಆಗುತ್ತದೆ, ಕೈ ಹಿಡಿದುಕೊಳ್ಳಿರಿ,” ಎಂದಳು.

ಅವನು ಹಿಡಿದುಕೊಂಡ. ಹಿಂದಿನವರು ನಕ್ಕರು. ಅವನೂ ನಕ್ಕ. ವಿಮಾನ ನೆಲ ಮುಟ್ಟುವವರೆಗೆ ಕೈ ಬಿಡಲಿಲ್ಲ. ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವಳ ಎರಡು ಬಳೆ ಒಡೆದು ಮುಂಗೈಗೆ ಚುಚ್ಚಿದ್ದವು. ಇಳಿದ ಮೇಲೆ ಜೊತೆಯವರು ರಕ್ತ ಕಂಡು ಏನಾಯಿತೆಂದು ಕೇಳಿದರು. ವ್ಯಾಪಾರಿ ತಾನೇ ಉತ್ತರ ಕೊಟ್ಟ. ಹೆದರಿ ನನ್ನ ಕೈಯನ್ನು ಉಡದ ಹಾಗೆ ಕಚ್ಚಿಕೊಂಡಿದ್ದಳು, ಬಳೆ ಉಳಿದಾವೇ ಎಂದ. ನೀಲವ್ವ ಸೆರಗಿನಿಂದ ಮುಂಗೈ ಒರೆಸಿಕೊಂಡಳು.

ಈ ಮಾತು ಅವರಿಗಿಂತ ಮೊದಲು ಊರು ಮುಟ್ಟಿತು. ಮದುವೆಯ ಪಂಕ್ತಿಯಲ್ಲಿ, ಅಂಗಡಿಯ ಗಾದಿಯ ಮೇಲೆ, ಬೀಗರ ಮುಂದೆ ವ್ಯಾಪಾರಿ ಅದನ್ನು ಹೇಳಿದ. ಹೇಳಿದಷ್ಟೂ ಅದು ಬೆಳೆಯಿತು. ಮೊದಲು ಬರೀ ಕೈ ಹಿಡಿದಿದ್ದಳು. ಆಮೇಲೆ ಅತ್ತಿದ್ದಳು. ವರ್ಷ ಕಳೆಯುವುದರೊಳಗೆ ದೇವರಿಗೆ ಹರಕೆ ಕಟ್ಟಿಕೊಂಡಿದ್ದಳು, ಮೂರ್ಛೆ ಹೋಗುವುದೊಂದು ಬಾಕಿ ಇತ್ತು. ನೀಲವ್ವ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಸ್ವಂತ ಮಗಳೇ ಅವಳನ್ನು ಪುಕ್ಕಲಿ ಎಂದು ಕರೆದು ನಗುವಂತಾಯಿತು. ಅವಳೂ ಜೊತೆಗೆ ನಗುತ್ತಿದ್ದಳು. ಗಂಡನ ಮರ್ಯಾದೆ ಉಳಿಯುವುದಾದರೆ ಇಷ್ಟು ನಗು ದೊಡ್ಡದಲ್ಲ ಎಂದು ಅವಳ ಲೆಕ್ಕ.

ಆಮೇಲೆ ನಾಲ್ಕೈದು ಸಲ ರಾತ್ರಿ ಪ್ರಯಾಣ ಬಂತು. ಪ್ರತಿ ಸಲವೂ ವಿಮಾನ ಓಡಲು ತೊಡಗಿದ ಕೂಡಲೇ ಅವಳು ಅದೇ ಮಾತು ಹೇಳುತ್ತಿದ್ದಳು. ಅವನು ಕೈ ಹಿಡಿಯುತ್ತಿದ್ದ. ಅದರ ಬಗ್ಗೆ ಮನೆಯಲ್ಲಿ ಇಬ್ಬರೂ ಒಂದು ದಿನವೂ ಮಾತನಾಡಲಿಲ್ಲ.

ನೀಲವ್ವನಿಗೆ ಒಬ್ಬಳು ಅಕ್ಕ ಇದ್ದಳು. ತಾಯಿ ಸತ್ತಾಗ ನೀಲವ್ವ ತೊಟ್ಟಿಲ ಕೂಸು. ಅಕ್ಕನೇ ಹಾಲು ಕುಡಿಸಿ, ತಲೆ ಬಾಚಿ, ಮದುವೆ ಮಾಡಿಕೊಟ್ಟವಳು. ಆ ಅಕ್ಕ ದೂರದ ನಾಗಪುರದಲ್ಲಿ ಮಗನ ಮನೆಯಲ್ಲಿದ್ದಳು. ಒಂದು ಸಂಜೆ ಆ ಮಗ ಫೋನ್ ಮಾಡಿದ. ಅವ್ವ ಬೆಳಗಿನವರೆಗೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ, ಚಿಕ್ಕವ್ವನನ್ನೇ ಕೇಳುತ್ತಿದ್ದಾಳೆ, ರಾತ್ರಿಯ ವಿಮಾನದಲ್ಲಿ ಎರಡು ಸೀಟು ಇವೆ, ಹೊರಟು ಬಿಡಿ ಎಂದ.

ನೀಲವ್ವ ಅಷ್ಟರಲ್ಲಿ ಎರಡು ಸೀರೆ ಚೀಲಕ್ಕೆ ಹಾಕಿ ಬಾಗಿಲಿಗೆ ಬಂದು ನಿಂತಿದ್ದಳು. ವ್ಯಾಪಾರಿ ಫೋನ್ ಹಿಡಿದುಕೊಂಡೇ ಹೊರಗೆ ಇಣುಕಿದ. ಉತ್ತರದ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಒಂದು ಮಿಂಚು ಮಿಂಚಿತು.

“ನಿಮ್ಮ ಚಿಕ್ಕವ್ವನಿಗೆ ರಾತ್ರಿ ವಿಮಾನ ಆಗುವುದಿಲ್ಲಪ್ಪ. ಗೊತ್ತಲ್ಲ ಅವಳ ಹೆದರಿಕೆ. ಕಾರಿನಲ್ಲೇ ಹೊರಡುತ್ತೇವೆ,” ಎಂದ.

ನೀಲವ್ವ ಅವನ ಮುಖವನ್ನೇ ನೋಡಿದಳು. ಅವನು ಡ್ರೈವರನನ್ನು ಕರೆದು, ಟ್ಯಾಂಕು ತುಂಬಿಸಿಕೊಂಡು ಬಾ ಎಂದ. ಅವಳು ಇನ್ನೂ ನೋಡುತ್ತಲೇ ಇದ್ದಳು. ಅವನು ಚಪ್ಪಲಿ ಹುಡುಕತೊಡಗಿದ.

ರಾತ್ರಿಯೆಲ್ಲ ಕಾರು ಓಡಿತು. ಮರುದಿನ ಹೊತ್ತು ಇಳಿಯುವಾಗ ಅವರು ಮುಟ್ಟಿದರು. ಅಕ್ಕ ನಸುಕಿನಲ್ಲೇ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವರು ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದರು. ಉಸಿರು ನಿಲ್ಲುವವರೆಗೂ ಮುದುಕಿ ಬಾಗಿಲ ಕಡೆ ನೋಡಿ, ನೀಲಿ ಬಂದಳೇನು, ನೀಲಿ ಬಂದಳೇನು ಎಂದು ಕೇಳುತ್ತಿದ್ದಳಂತೆ. ಅಕ್ಕನ ಸೊಸೆ ಅಷ್ಟನ್ನೂ ಹೇಳಿ, ಕಣ್ಣೊರೆಸಿಕೊಂಡು, ಕೊನೆಗೆ ತಡೆಯಲಾರದೆ ಕೇಳಿದಳು:

“ಒಂದು ರಾತ್ರಿಯ ಮಟ್ಟಿಗೆ ಆ ಹೆದರಿಕೆ ನುಂಗಿಕೊಳ್ಳಬಾರದಿತ್ತೇ, ಚಿಕ್ಕವ್ವ?”

ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಎಲ್ಲರೂ ನೀಲವ್ವನನ್ನು ನೋಡಿದರು. ವ್ಯಾಪಾರಿ ಕಂಬಕ್ಕೆ ಒರಗಿ ಕುಳಿತಿದ್ದ. ಆಗ ಒಂದು ಮಾತು ಬೇಕಾಗಿತ್ತು. ಅವನು ಬಾಯಿ ತೆರೆದದ್ದು ನಿಜ. ಕುಡಿಯಲು ನೀರು ಕೇಳಿದ. ಯಾರೋ ಚೊಂಬು ತಂದು ಕೊಟ್ಟರು. ಪೂರಾ ಕುಡಿದ.

“ತಪ್ಪಾಯಿತವ್ವ,” ಎಂದಳು ನೀಲವ್ವ.

ಹನ್ನೊಂದು ದಿನ ಅಲ್ಲಿದ್ದರು. ಆ ಮನೆಯ ಹೆಂಗಸರು ಅವಳ ಜೊತೆ ಬೇಕಾದಷ್ಟೇ ಮಾತನಾಡಿದರು. ಹಿಂದಿರುಗುವಾಗ ಕಾರಿನಲ್ಲಿ ವ್ಯಾಪಾರಿ, ಹಣೆಯಲ್ಲಿ ಬರೆದದ್ದನ್ನು ಯಾರು ತಪ್ಪಿಸಲಾದೀತು ಎಂದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ತನ್ನ ಮೇಲೆ ಸಿಟ್ಟಿರಬೇಕು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದು ಅವನು ಸಮಾಧಾನ ಮಾಡಿಕೊಂಡ. ಸಿಟ್ಟಾಗಿದ್ದರೆ ಇಳಿಯುತ್ತಿತ್ತು.

ಅದರ ಮುಂದಿನ ವರ್ಷ ಮಗಳು ಬಸುರಿಯಾದಳು. ಅವಳ ಗಂಡನಿಗೆ ಗುವಾಹಟಿಯಲ್ಲಿ ರೈಲ್ವೆ ಕೆಲಸ. ಏಳು ತುಂಬಿದ ಮೇಲೆ ತವರಿಗೆ ಕರೆತರುವುದೆಂದು ಮಾತಾಗಿತ್ತು. ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಅಳಿಯ ಆಸ್ಪತ್ರೆಯಿಂದ ಫೋನ್ ಮಾಡಿದ. ಇಲ್ಲಿ ನಮಗೆ ಯಾರೂ ಇಲ್ಲ, ಅವ್ವ ಬೇಕು ಎಂದು ಅಳುತ್ತಿದ್ದಾಳೆ, ಈ ರಾತ್ರಿ ಹೊರಟರೆ ಬೆಳಿಗ್ಗೆ ಇಲ್ಲಿರಬಹುದು ಎಂದ.

ವ್ಯಾಪಾರಿ ಗಂಟಲು ಸರಿಮಾಡಿಕೊಂಡ. ಅವಳಿಗೆ ರಾತ್ರಿ ವಿಮಾನ ಎಂದು ಶುರು ಮಾಡಿದ. ಮಾತು ಮುಗಿಯುವ ಮೊದಲೇ ನೀಲವ್ವ ಅವನ ಕೈಯಿಂದ ಫೋನ್ ತೆಗೆದುಕೊಂಡು, ನಾನು ಬರುತ್ತೇನೆ, ಅವಳಿಗೆ ಹೇಳು ಎಂದಳು. ನೆರೆಮನೆಯ ಕಾಲೇಜು ಹುಡುಗಿಯಿಂದ ಟಿಕೆಟ್ ತೆಗೆಸಿದಳು. ಹೊರಡುವಾಗ ಅವನ ಮುಂದೆ ಬಂದು ನಿಂತಳು.

“ನೀವು ಬರುತ್ತೀರಾ?” ಎಂದು ಕೇಳಿದಳು.

ಅದರಲ್ಲಿ ಚುಚ್ಚು ಇರಲಿಲ್ಲ. ಬರುತ್ತೇನೆ, ಆದರೆ ನನಗೆ ಹೆದರಿಕೆ ಎಂದಿದ್ದರೆ ಅವಳು ಈಗಲೂ ಕೈ ಕೊಡುತ್ತಿದ್ದಳು. ಅವನು ಸೀಸನ್ನಿನ ಮಾತು ತೆಗೆದ. ಗೋದಾಮು ತುಂಬಿದೆ, ನಾಳೆ ಹರಾಜಿದೆ, ಹಮಾಲರನ್ನು ನಂಬುವಂತಿಲ್ಲ ಎಂದ. ಅವಳು ಎಲ್ಲವನ್ನೂ ಕೇಳಿ, ಚೀಲ ಎತ್ತಿಕೊಂಡಳು.

ಕೂಸು ಹುಟ್ಟಿತು. ಅಂಗೈಯಷ್ಟು ಹೆಣ್ಣುಕೂಸು. ಒಂದೂವರೆ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿತ್ತು. ನೀಲವ್ವ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಮಲಗಿ, ತಾಯಿಯನ್ನೂ ಕೂಸನ್ನೂ ಅಳಿಯನ ಮನೆಗೆ ಸೇರಿಸಿದಳು. ಮೂರು ತಿಂಗಳಾದ ಮೇಲೆ ಹಿಂದಿರುಗಿದಳು. ಬಂದದ್ದೂ ರಾತ್ರಿ ವಿಮಾನದಲ್ಲೇ, ಒಬ್ಬಳೇ.

ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ವ್ಯಾಪಾರಿ ಕೇಳಿದ:

“ಹೆದರಿಕೆ ಆಗಲಿಲ್ಲವೇ?”

“ಎರಡೂ ಕೈ ನನ್ನ ಹತ್ತಿರವೇ ಇದ್ದವು. ನಿದ್ದೆ ಬಂತು,” ಎಂದಳು ನೀಲವ್ವ.

ಅವನ ಮುಖ ಸಪ್ಪಗಾಯಿತು. ಆ ರಾತ್ರಿ ಊಟ ಸೇರಲಿಲ್ಲ. ಏನೋ ಹೇಳಬೇಕೆಂದು ಎರಡು ಸಲ ಅಡಿಗೆಮನೆಯ ಬಾಗಿಲವರೆಗೆ ಹೋದ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಹಿಂದಕ್ಕೆ ಬಂದ.

ಮರುದಿನ ಪೇಟೆಯವರು ಹೆಂಡಿರೊಂದಿಗೆ ಮನೆಗೆ ಬಂದರು. ಮೊಮ್ಮಗಳ ಸುದ್ದಿಯಾಯಿತು, ಸಕ್ಕರೆ ಹಂಚಿದ್ದಾಯಿತು. ಒಬ್ಬ ಹಳೆಯ ಗೆಳೆಯ, ಅಲ್ಲ ಸಾಹುಕಾರರೇ, ಅಷ್ಟು ಹೆದರುವ ಹೆಂಗಸು ಅಷ್ಟು ದೂರ ಒಬ್ಬಳೇ ಹೇಗೆ ಹೋದಳು ಎಂದು ಕೇಳಿದ. ಎಲ್ಲರೂ ವ್ಯಾಪಾರಿಯ ಕಡೆ ತಿರುಗಿದರು. ನೀಲವ್ವ ಚಹದ ತಟ್ಟೆ ಹಿಡಿದು ಹೊಸ್ತಿಲಲ್ಲಿದ್ದಳು.

“ಏನು ಮಾಡುವುದು, ನಾನೇ ಧೈರ್ಯ ತುಂಬಿ ಕಳಿಸಿದೆ,” ಎಂದ ವ್ಯಾಪಾರಿ.

ಗಂಡನೆಂದರೆ ಹೀಗಿರಬೇಕು ಎಂದು ಹೆಂಗಸರು ಕೂಡ ಹೊಗಳಿದರು. ನೀಲವ್ವ ತಟ್ಟೆಯನ್ನು ಹೊಸ್ತಿಲ ಪಕ್ಕದಲ್ಲಿ ನೆಲಕ್ಕಿಟ್ಟು ಒಳಗೆ ಹೋದಳು. ಚಹವನ್ನು ಬಂದವರೇ ಎತ್ತಿಕೊಂಡು ಕುಡಿದರು.

ಆಮೇಲೆ ಅವಳು ಜಗಳವಾಡಲಿಲ್ಲ. ಅಡಿಗೆ ಮಾಡಿದಳು, ಬಡಿಸಿದಳು, ಜ್ವರ ಬಂದರೆ ಕಷಾಯ ಕಾಯಿಸಿಕೊಟ್ಟಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅವನಿಗೆ ಮೊದಲ ವಾರ ಇದು ನೆಮ್ಮದಿಯೆನಿಸಿತು. ಆಮೇಲೆ ಒಂದು ದಿನ ಊಟದ ನಡುವೆ, ಈ ಹೆಂಗಸು ತನ್ನನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಕರೆ ಬಂತು. ನೀಲವ್ವ ಹೋದಳು. ಅವನು ಹೋಗಲಿಲ್ಲ. ಮಗಳಿಗೆ ಏನೆಂದು ಹೇಳುವುದು ಎಂದು ಯೋಚಿಸಿದ. ಹೆಂಡತಿಯ ಹೆದರಿಕೆ ಎನ್ನುವಂತಿರಲಿಲ್ಲ, ಅವಳು ಆಗಲೇ ಮಗಳ ಮನೆಯಲ್ಲಿದ್ದಳು. ಮೊಣಕಾಲು ನೋವು ಎಂದ. ಎರಡನೆಯ ಹುಟ್ಟುಹಬ್ಬಕ್ಕೂ ಮೊಣಕಾಲನ್ನೇ ಹೇಳಿದ. ಮಗಳು ಮೂರನೆಯ ವರ್ಷ ಕರೆಯುವುದನ್ನು ಬಿಟ್ಟಳು. ಆ ಮಗು ಅಜ್ಜನನ್ನು ಫೋಟೋದಲ್ಲಿ ಗುರುತಿಸುತ್ತಿತ್ತಂತೆ. ಯಾರೆಂದು ಕೇಳಿದರೆ, ಕಾಲುನೋವಿನ ಅಜ್ಜ ಎನ್ನುತ್ತಿತ್ತಂತೆ.

ಊರಿನಲ್ಲಿ ಮಾತ್ರ ಅವನ ಹೆಸರು ಹಾಗೆಯೇ ಉಳಿಯಿತು. ಸತ್ತಾಗ ನಾಲ್ಕು ಜನ ಎದ್ದು ನಿಂತು, ಇಂಥ ಎದೆಗಾರ ಮತ್ತೆ ಹುಟ್ಟುವುದಿಲ್ಲ ಎಂದು ಭಾಷಣ ಮಾಡಿದರು. ನೀಲವ್ವ ಹೆಂಗಸರ ನಡುವೆ ಕುಳಿತು ಅಷ್ಟನ್ನೂ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಪಾಪ, ಹೆದರಿ ಕಲ್ಲಾಗಿದ್ದಾಳೆ ಎಂದು ಪಕ್ಕದವಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಆ ವ್ಯಾಪಾರಿಯ ಮೇಲೆ ಶಿಷ್ಯನಿಗೆ ಸಿಟ್ಟು ಬಂದಿತ್ತು. ಅದರ ಹಿಂದೆಯೇ, ಅವನ ಪರವಾಗಿ ಏನಾದರೂ ಹೇಳಬೇಕು ಎಂದೂ ಅನಿಸಿತ್ತು. ಹೆಂಡತಿ ತಾನಾಗಿಯೇ ಹೆದರಿಕೆ ಎಂದವಳು, ಗಂಡ ಅದನ್ನು ನಂಬಿರಬೇಕು. ಮನುಷ್ಯ ತಿಳಿಯದೆ ಮಾಡಿದ್ದಕ್ಕೆ ಕ್ಷಮೆಯಿದೆಯಲ್ಲ ಎಂದುಕೊಂಡು ಕೇಳಿದ:

“ಆ ತಾಯಿಗೆ ಹೆದರಿಕೆಯೇ ಇರಲಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಯಾವಾಗ, ಗುರುಗಳೇ?”

ಗುರುಗಳು ಅವನನ್ನು ನೋಡಿದರು.

“ಗೊತ್ತಿಲ್ಲದೆ ಇದ್ದದ್ದು ಯಾವಾಗ, ಮಗು?”

ಶಿಷ್ಯ ಎದ್ದು, ಪಂಡಿತರನ್ನು ಹುಡುಕಿಕೊಂಡು ಹೋದ.