ಮುಚ್ಚಿದ ಬುಟ್ಟಿಯ ಬೊಂಬೆ

"ಗುರುಗಳೇ, ಯಾರೂ ಬರಿಗೈಯಲ್ಲಿ ಹೋಗದ ಕಡೆ ಜೂಜು ಇರಲು ಸಾಧ್ಯವೇ?"

ಸುಧನ್ವ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಉಳಿದವರೆಲ್ಲ ಎದ್ದು ಹೋಗಿದ್ದರು. ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

ಸುಧನ್ವ ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ಅವರ ಆಟದಲ್ಲಿ ಮುಚ್ಚಿದ ಪೆಟ್ಟಿಗೆಗಳಿದ್ದವು. ದುಡ್ಡು ಕೊಟ್ಟು ತೆರೆದರೆ ಆಟಕ್ಕೆ ಬೇಕಾದದ್ದು ಏನಾದರೂ ಒಳಗೆ ಸಿಗುತ್ತಿತ್ತು: ಕತ್ತಿಯೋ, ಕಿರೀಟವೋ, ರೆಕ್ಕೆಯ ಕುದುರೆಯೋ. ಏನು ಎಂಬುದು ತೆರೆದ ಮೇಲೇ ತಿಳಿಯುವುದು. ತೆರೆಯುವವರಲ್ಲಿ ಮಕ್ಕಳೇ ಹೆಚ್ಚು. ಇದು ಜೂಜು, ಇದನ್ನು ಜೂಜಿನ ಕಾಯಿದೆಯ ಕೆಳಗೆ ತರಬೇಕು ಎಂದು ಕೆಲವು ತಂದೆತಾಯಿಯರು ದೂರು ಕೊಟ್ಟಿದ್ದರು. ವಿಚಾರಣೆಗೆ ಒಂದು ಸಮಿತಿ ಕೂತಿತ್ತು. ಅದರ ಮುಂದೆ ಕಂಪನಿಯ ಪರವಾಗಿ ಮಾತನಾಡಲು ಸುಧನ್ವನನ್ನು ಆರಿಸಿದ್ದರು. ಅವನು ಸುಳ್ಳು ಹೇಳುವವನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಆರಿಸಿದ್ದು.

"ನಮ್ಮ ಒಂದು ಪೆಟ್ಟಿಗೆಯೂ ಖಾಲಿ ಇಲ್ಲ ಗುರುಗಳೇ. ಇದು ಜೂಜಲ್ಲ ಅಂತ ನೀವು ಒಂದು ಮಾತು ಹೇಳಿಬಿಟ್ಟರೆ, ನಾಳೆ ಧೈರ್ಯವಾಗಿ ಹೋಗಿ ಹೇಳಿ ಬರುತ್ತೇನೆ."

ಅವನು ಕೇಳಿ ತಿಳಿಯಲು ಬಂದವನಲ್ಲ, ಹೂಂ ಅನ್ನಿಸಿಕೊಳ್ಳಲು ಬಂದವನು. ಒಂದು ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಗುರುಗಳು ಅವನ ಮುಖ ನೋಡಿದರು, ಮೊರವನ್ನು ಪಕ್ಕಕ್ಕೆ ಸರಿಸಿದರು, ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೊಂಬೆಗಾರನಿದ್ದ. ನವರಾತ್ರಿಯಲ್ಲಿ ಮನೆಮನೆಯಲ್ಲೂ ಬೊಂಬೆ ಕೂರಿಸುವ ಊರು ಅದು. ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ, ಬಿಳಿಯ ಬಟ್ಟೆ ಹಾಸಿ, ಬೊಂಬೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳದು. ಅವು ಮರದಲ್ಲಿ ಕೆತ್ತಿದ ರಾಜ, ರಾಣಿ. ಅವನ್ನು ಅಂಗಡಿಯಲ್ಲಿ ಕೊಂಡು ತಂದು ಕೂರಿಸುವಂತಿಲ್ಲ. ಮದುವೆಯಲ್ಲಿ ತಾಯಿ ಮಗಳ ಮಡಿಲಿಗೆ ಹಾಕಿ ಕಳಿಸಬೇಕು. ಕೆಳಗಿನ ಮೆಟ್ಟಿಲುಗಳಿಗೆ ಮಾತ್ರ ವರ್ಷವರ್ಷವೂ ಹೊಸ ಬೊಂಬೆ ಬರಬೇಕು. ನೋಡಲು ಬಂದ ಹೆಂಗಸರು ಮೊದಲು ಕೇಳುವ ಮಾತೇ, ಈ ಸಲ ಹೊಸದೇನು ಎಂದು.

ಬೊಂಬೆಗಾರ ಚಾಪೆಯ ಮೇಲೆ ಬೊಂಬೆಗಳನ್ನು ಹರಡಿಕೊಂಡು ಮಾರುತ್ತಿದ್ದ. ಹೆಂಗಸರು ಕೈಗೆತ್ತಿಕೊಂಡು ನೋಡುವರು. ಇದರ ಕಣ್ಣು ಮೆಳ್ಳೆ, ಅದರ ಮೂಗು ಮೊಂಡು ಎಂದು ಜರೆಯುವರು. ಗಂಡನನ್ನು ಆರಿಸುವಾಗಲೂ ಇಷ್ಟು ನೋಡಿರಲಿಕ್ಕಿಲ್ಲ ಎಂದು ಬೊಂಬೆಗಾರ ಒಳಗೊಳಗೇ ನಗುವನು. ಆದರೆ ಒಬ್ಬಳಿಗೆ ಒಂದು ಬೊಂಬೆ ಮೆಚ್ಚಿಗೆಯಾಯಿತೆಂದರೆ ಅವನಿಗೂ ಖುಷಿಯಾಗುತ್ತಿತ್ತು.

ದಶಾವತಾರದ ಬೊಂಬೆಗಳಿಗೆ ಬೇಡಿಕೆ ಹೆಚ್ಚು. ಆದರೆ ಹತ್ತೂ ಅವತಾರಗಳನ್ನು ಒಮ್ಮೆ ಕೊಂಡ ಮನೆಯವರು ಮತ್ತೆ ಆ ಕಡೆ ಬರುತ್ತಿರಲಿಲ್ಲ. ಒಂದು ವರ್ಷ ವ್ಯಾಪಾರ ತೀರ ಇಳಿದುಹೋಯಿತು. ಬೊಂಬೆಗಾರ ಯೋಚನೆ ಮಾಡಿದ. ಮುಂದಿನ ವರ್ಷ ಅವತಾರಗಳಿಗೆಲ್ಲ ಹೊಸ ಬಗೆಯ ಬಣ್ಣ ಕೊಟ್ಟ. ಒಂದೊಂದನ್ನೂ ಒಂದೊಂದು ಬುಟ್ಟಿಯಲ್ಲಿಟ್ಟು, ಹುಲ್ಲು ತುಂಬಿ, ಮುಚ್ಚಳ ಹೊಲಿದುಬಿಟ್ಟ. ಎಲ್ಲ ಬುಟ್ಟಿಗೂ ಒಂದೇ ಬೆಲೆ. ಮೀನು, ಆಮೆ, ಹಂದಿಗಳು ಬೇಕಾದಷ್ಟಿದ್ದವು. ಕುದುರೆ ಏರಿದ ಕಲ್ಕಿ ಮಾತ್ರ ಬೆರಳೆಣಿಕೆಯಷ್ಟು. ಕುದುರೆಯ ಕಾಲು ತೆಳುವು, ಸುಡುವಾಗ ಮುರಿಯುತ್ತದೆ ಎಂದು ಕೇಳಿದವರಿಗೆ ಹೇಳುತ್ತಿದ್ದ. ಅದು ಅರ್ಧ ನಿಜ.

ಊರಿಗೆ ಊರೇ ಮುಗಿಬಿತ್ತು. ಬುಟ್ಟಿ ಬಿಚ್ಚುವಾಗ ಸುತ್ತ ನಿಂತವರೂ ಉಸಿರು ಬಿಗಿಹಿಡಿಯುವರು. ಆಮೆ ಬಂದರೆ ಎಲ್ಲರೂ ನಗುವರು. ಬಿಚ್ಚಿದವಳೂ ನಗುವಳು, ನಗುತ್ತಲೇ ಇನ್ನೊಂದು ಬುಟ್ಟಿಗೆ ಕೈ ಚಾಚುವಳು. ಒಂದು ಮನೆಯ ಮೆಟ್ಟಿಲಿನ ಮೇಲೆ ಆರು ಆಮೆಗಳು ಸಾಲಾಗಿ ಕೂತವು. ವಿಷ್ಣುವಿಗೆ ಮುಂದಿನ ಅವತಾರಕ್ಕೆ ಹೋಗುವ ಮನಸ್ಸೇ ಇಲ್ಲವೇನೋ ಎಂದು ನೋಡಲು ಬಂದವರು ಹಾಸ್ಯ ಮಾಡಿದರು.

ಆ ಊರಿನಲ್ಲಿ ಪಗಡೆಗೆ ಹಣ ಕಟ್ಟುವುದನ್ನು ಹಿಂದೆಯೇ ನಿಲ್ಲಿಸಿದ್ದರು. ಊರ ಹಿರಿಯ ಒಂದು ದಿನ ಬಂದು ಚಾಪೆಯ ಎದುರು ನಿಂತ.

"ಏನಯ್ಯಾ, ಇದೂ ಜೂಜೇ ಅಲ್ಲವೇ?"

"ಎಲ್ಲಾದರೂ ಉಂಟೇ ಯಜಮಾನರೇ! ಜೂಜಿನಲ್ಲಿ ಸೋತವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ನನ್ನ ಚಾಪೆಯಿಂದ ಯಾರು ಬರಿಗೈಯಲ್ಲಿ ಹೋಗಿದ್ದಾರೆ, ತೋರಿಸಿ. ತೆಂಗಿನಕಾಯಿ ಕೊಳ್ಳುವಾಗ ಒಳಗೆ ಹೇಗಿದೆ ಅಂತ ಒಡೆದು ನೋಡಿ ಕೊಳ್ಳುತ್ತೀರಾ?"

ಏನೋ ಸರಿಯಿಲ್ಲ ಎಂದು ಹಿರಿಯನಿಗೆ ಅನ್ನಿಸುತ್ತಿತ್ತು, ಏನೆಂದು ಹೇಳಲು ಬರಲಿಲ್ಲ. ಹೊರಟುಹೋದ.

ಇಲ್ಲಿಯವರೆಗೆ ಕೇಳಿದ ಸುಧನ್ವನ ಮುಖ ಅರಳಿತು. ತೆಂಗಿನಕಾಯಿಯ ಮಾತು ತನಗೆ ಇಷ್ಟು ದಿನ ಏಕೆ ಹೊಳೆಯಲಿಲ್ಲ ಎಂದು ಕೂಡ ಅವನು ಅಂದುಕೊಂಡ. ಗುರುಗಳು ಅದನ್ನು ಕಂಡರೂ ಕಾಣದವರಂತೆ ಮುಂದುವರಿಸಿದರು.

ಆ ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳಿದ್ದಳು. ಗಂಡನ ಮನೆಯಲ್ಲಿ ಅವಳಿಗೆ ಅದು ಮೊದಲ ನವರಾತ್ರಿ. ಅತ್ತೆ ಒಂಬತ್ತು ಅವತಾರಗಳನ್ನು ಹೇಗೋ ಜೋಡಿಸಿದ್ದಳು. ಕಲ್ಕಿಯ ಜಾಗ ಖಾಲಿ ಉಳಿದಿತ್ತು. ಬಂದವರೆಲ್ಲ ಅಲ್ಲಿಗೇ ಬೆರಳು ತೋರಿಸುತ್ತಿದ್ದರು. ಅತ್ತೆ ಸೊಸೆಗೆ ಏನೂ ಹೇಳಿದವಳಲ್ಲ, ನಿಟ್ಟುಸಿರು ಬಿಡುತ್ತಿದ್ದಳು ಅಷ್ಟೆ. ಆ ಜಾಗ ತುಂಬಿಸಿದರೆ ತಾನು ಈ ಮನೆಯವಳಾಗುತ್ತೇನೆ ಎಂದು ಹುಡುಗಿಗೆ ಅನ್ನಿಸಿತು. ಕೈಯಲ್ಲಿದ್ದ ದುಡ್ಡನ್ನೆಲ್ಲ ಬುಟ್ಟಿಗಳಿಗೆ ಸುರಿದಳು. ಕಲ್ಕಿ ಬರಲಿಲ್ಲ.

ಹಬ್ಬ ಮುಗಿಯುತ್ತ ಬಂದಿತ್ತು. ಅತ್ತೆ ಅರಿಸಿನ ಕುಂಕುಮಕ್ಕೆಂದು ಪಕ್ಕದ ಬೀದಿಗೆ ಹೋಗಿದ್ದಾಗ ಹುಡುಗಿ ಬೊಂಬೆಗಾರನ ಬಳಿಗೆ ಬಂದಳು. ಸೆರಗಿನ ಮರೆಯಿಂದ ಏನನ್ನೋ ತೆಗೆದು ಚಾಪೆಯ ಮೇಲಿಟ್ಟಳು. ಪಟ್ಟದ ಬೊಂಬೆಗಳು. ಅವಳ ತಾಯಿ ಮಡಿಲಿಗೆ ಹಾಕಿದ ರಾಜ, ರಾಣಿ. ಉಡಿಸಿದ ರೇಷ್ಮೆಯ ತುಂಡನ್ನೂ ಬಿಚ್ಚಿರಲಿಲ್ಲ.

"ಅಣ್ಣಾ, ಇವನ್ನ ಇಟ್ಕೊಂಡು ಬುಟ್ಟಿ ಕೊಡಿ."

ಬೊಂಬೆಗಾರ ಬೇಡ ತಾಯಿ ಎನ್ನಲು ಬಾಯಿ ತೆರೆದ. ಆದರೆ ಬೊಂಬೆಗಳು ಒಳ್ಳೆಯ ಹಳೆಯ ಕೆತ್ತನೆಯವು, ಅವನ ಕಣ್ಣು ಆಗಲೇ ಅವುಗಳ ಬೆಲೆ ಕಟ್ಟಿತ್ತು. ಮೂರು ಬುಟ್ಟಿ ಆರಿಸಿಕೋ ಎಂದ.

ಉಳಿದಿದ್ದ ಒಂದೇ ಒಂದು ಕಲ್ಕಿ ಇದ್ದದ್ದು ಅವನ ಮೊಣಕಾಲಿಗೆ ತಗುಲಿದ್ದ ಬುಟ್ಟಿಯಲ್ಲಿ. ಮಾರುವವನಿಗೆ ಅಷ್ಟು ಹತ್ತಿರ ಇರುವುದನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಅವನು ಕಂಡುಕೊಂಡಿದ್ದ ಸೂಕ್ಷ್ಮ. ಹುಡುಗಿ ದೂರದ ಒಂದನ್ನು ತೆಗೆದಳು. ಮೀನು. ನಡುವಿನದನ್ನು ತೆಗೆದಳು. ಹಂದಿ. ಮೂರನೆಯದಕ್ಕೆ ಅವಳ ಕೈ ಅಲ್ಲಿ ಇಲ್ಲಿ ಸುಳಿದು ಅವನ ಮೊಣಕಾಲಿನ ಬಳಿಗೆ ಬಂತು. ಆ ಬುಟ್ಟಿಯ ಮುಚ್ಚಳದ ಮೇಲೆ ನಿಂತಿತು.

ಬೇಡ, ಅದು ಬೇಡ, ದೇವರೇ, ಈ ಕೈ ಮುಂದೆ ಹೋಗಲಿ ಎಂದು ಬೊಂಬೆಗಾರನ ಮನಸ್ಸು ಬೇಡಿಕೊಂಡಿತು.

ಕೈ ಮುಂದೆ ಹೋಯಿತು. ಅವಳು ಪಕ್ಕದ ಬುಟ್ಟಿ ಎತ್ತಿಕೊಂಡು ಬಿಚ್ಚಿದಳು. ಆಮೆ. ಈ ಸಲ ಯಾರೂ ನಗಲಿಲ್ಲ. ಹುಡುಗಿ ಮೂರು ಬೊಂಬೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಬರಿಗೈಯಲ್ಲೇನೂ ಹೋಗಲಿಲ್ಲ.

ಬೊಂಬೆಗಾರ ಗಿರಾಕಿಗಳನ್ನು ಕಳಿಸಿ ಚಾಪೆಯ ಮೇಲೆ ಒಬ್ಬನೇ ಕುಳಿತ. ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕಸುಬಿಗೆ ಇಳಿದಂದಿನಿಂದ ಅವನು ಜಿಪುಣತನ ಮಾಡಿದ್ದುಂಟು, ಬೆಲೆ ಏರಿಸಿ ಹೇಳಿದ್ದುಂಟು. ಆದರೆ ತಾನೇ ಮಣ್ಣು ಕಲಸಿ, ತಾನೇ ಕಣ್ಣು ಬರೆದ ಬೊಂಬೆ, ಅದನ್ನು ಬೇಡಿ ಬಂದವಳಿಗೆ ಸಿಗದಿರಲಿ ಎಂದು ಹಾರೈಸಿದ್ದು ಇದೇ ಮೊದಲು. ಹಾಗೆ ಹಾರೈಸುವವರನ್ನು ಅವನು ಬೇರೆ ಕಡೆ ನೋಡಿದ್ದ. ಪಗಡೆಯ ಹಾಸಿನ ಆಚೆ ಬದಿಗೆ ಕೂತವರು ಎದುರಿನವನ ದಾಳ ಉರುಳುವಾಗ ಹಾಗೆಯೇ ಹಾರೈಸುತ್ತಾರೆ. ತೆಂಗಿನಕಾಯಿ ಮಾರುವವನು ಎಂದೂ ಕಾಯಿ ಕೊಳೆತಿರಲಿ ಎನ್ನುವುದಿಲ್ಲ.

ಅವನು ಒಂದೊಂದೇ ಮುಚ್ಚಳದ ಹೊಲಿಗೆ ಬಿಚ್ಚಿದ. ಬೊಂಬೆಗಳನ್ನು ಚಾಪೆಯ ಮೇಲೆ ಹರಡಿಟ್ಟ. ಪಟ್ಟದ ಬೊಂಬೆಗಳನ್ನೂ ಕಲ್ಕಿಯನ್ನೂ ಎತ್ತಿಕೊಂಡು ಹುಡುಗಿಯ ಮನೆಗೆ ನಡೆದ. ಅತ್ತೆ ಆಗಲೇ ಬಂದಿದ್ದಳು. ಮೇಲಿನ ಮೆಟ್ಟಿಲಿನಲ್ಲಿ ಸೊಸೆಯ ರಾಜ ರಾಣಿಯರ ಜಾಗ ಬರಿದಾಗಿತ್ತು. ಹುಡುಗಿ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದಳು.

ಬೊಂಬೆಗಾರ ಏನೂ ವಿವರಿಸಲಿಲ್ಲ. ತಂದದ್ದನ್ನು ಹೊಸ್ತಿಲಿನ ಒಳಗಿಟ್ಟ. ಹುಡುಗಿ ಓಡಿಬಂದು ರಾಜ ರಾಣಿಯರನ್ನು ಎದೆಗವಚಿಕೊಂಡಳು. ಕಲ್ಕಿಯನ್ನು ಅವಳು ತಿರುಗಿಯೂ ನೋಡಲಿಲ್ಲ. ಅತ್ತೆ ಆ ಬೊಂಬೆಯನ್ನು ಕೈಗೆತ್ತಿಕೊಂಡಳು, ಒಂದು ಗಳಿಗೆ ನೋಡಿದಳು, ಅವನಿಗೇ ಹಿಂದಿರುಗಿಸಿದಳು.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಸುಧನ್ವ ಕಾದ. ಗುರುಗಳು ಮುಂದೆ ಏನೂ ಹೇಳುವಂತೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆದರೆ ಗುರುಗಳೇ, ಬೊಂಬೆಗಾರ ಆ ಹಿರಿಯನಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ಬುಟ್ಟಿ ಖಾಲಿ ಇರಲಿಲ್ಲ. ನಾಳೆ ನಾನು ಹೇಳುವುದರಲ್ಲೂ ಸುಳ್ಳಿರುವುದಿಲ್ಲ. ನಾನು ಏನು ಹೇಳಲಿ?"

ಗುರುಗಳು ಒಂದು ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

"ಒಂದು ಮಗು ನಿಮ್ಮ ಪೆಟ್ಟಿಗೆಯ ಮೇಲೆ ಬೆರಳಿಟ್ಟಾಗ ಅದಕ್ಕೆ ಏನು ಸಿಗಲಿ ಎಂದು ನೀವು ಹಾರೈಸುತ್ತೀರಿ, ಅದನ್ನು ಹೇಳು."